ಮಂಗನ ಕಾಯಿಲೆಯ ವೈರಸ್‌ಗೆ ಹಳದಿ ಮನೆತನ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿದಾಗ ತಜ್ಞರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದಲ್ಲಿ ಅದು ಮಂಗಗಳನ್ನೂ ಕೊಲ್ಲುತ್ತಿತ್ತು. ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸಿಕ್ಕಿದ್ದು ಹೊಸ ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಅನುಮಾನ ಸುಳ್ಳಾಯಿತು. ಆದರೂ ವರ್ಗೀಕರಣ ಮಾಡಿದವರು ಅದನ್ನು ಕೂರಿಸಿದ್ದು ಹಳದಿ ಜ್ವರದ ಮನೆಯಲ್ಲೇ.

ಎಲ್ಲ ವೈರಸ್‌ಗಳಲ್ಲೂ ಇರುವ ಜೀನ್ ಒಂದೂ ಇಲ್ಲ. ಹಾಗಾಗಿ ಅವನ್ನೆಲ್ಲ ಒಂದೇ ವಂಶವೃಕ್ಷಕ್ಕೆ ಕಟ್ಟಲು ಬರುವುದಿಲ್ಲ. 1971ರಲ್ಲಿ ಅಮೆರಿಕದ ವೈರಸ್ ತಜ್ಞ ಡೇವಿಡ್ ಬಾಲ್ಟಿಮೋರ್ ಬೇರೆ ದಾರಿ ಹಿಡಿದರು: ಪ್ರೋಟೀನ್ ತಯಾರಿಸಲು ಬೇಕಾದ ಸಂದೇಶವಾಹಕ ಆರ್‌ಎನ್‌ಎಯನ್ನು ವೈರಸ್ ಹೇಗೆ ಪಡೆಯುತ್ತದೆ? ಇದನ್ನು ಆಧರಿಸಿದ ಗುಂಪುಗಳು ಈಗ ಏಳು. ಮಂಗನ ಕಾಯಿಲೆಯದು ನಾಲ್ಕನೆಯದು. ಸುಮಾರು 11,000 ಅಕ್ಷರಗಳ ಅದರ ಆರ್‌ಎನ್‌ಎಯೇ ಸಂದೇಶ. ಜೀವಕೋಶದ ಒಳಹೊಕ್ಕ ಕೂಡಲೇ, ಪ್ರೋಟೀನ್ ಕಟ್ಟುವ ರೈಬೋಸೋಮ್ ಅದನ್ನು ನೇರವಾಗಿ ಓದುತ್ತದೆ.

ಅಧಿಕೃತ ಹೆಸರಿಡುವುದು ಮಾತ್ರ 1966ರಲ್ಲಿ ಶುರುವಾದ ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ, ಐಸಿಟಿವಿ. ಹೆಸರಿನ ಬಾಲ ನೋಡಿದರೆ ಮಟ್ಟ ತಿಳಿಯುತ್ತದೆ: ‘ವಿರಿಕೋಟ’ ಎಂದರೆ ವಿಭಾಗ, ‘ವಿರಾಲೀಸ್’ ಎಂದರೆ ಗಣ, ‘ವಿರಿಡೆ’ ಎಂದರೆ ಕುಟುಂಬ. ನಮ್ಮ ವೈರಸ್‌ನ ವಿಭಾಗ ಕಿಟ್ರಿನೊವಿರಿಕೋಟ, ಗಣ ಅಮರಿಲ್ಲೊವಿರಾಲೀಸ್, ಕುಟುಂಬ ಫ್ಲೇವಿವಿರಿಡೆ. ಗ್ರೀಕ್, ಸ್ಪ್ಯಾನಿಷ್, ಲ್ಯಾಟಿನ್ ಮೂರರಲ್ಲೂ ಅರ್ಥ ಒಂದೇ, ಹಳದಿ! ಹಳದಿ ಜ್ವರದ ರೋಗಿಗೆ ಬರುವ ಕಾಮಾಲೆಯ ಬಣ್ಣ ಅದು. ಮಂಗನ ಕಾಯಿಲೆಯಲ್ಲಿ ಕಾಮಾಲೆ ಮುಖ್ಯ ಲಕ್ಷಣವೇ ಅಲ್ಲ. ಮನೆತನದ ಹೆಸರು ಹಾಗೇ ಅಂಟಿಕೊಂಡಿದೆ.

ರೋಗದ ಹೆಸರಿನ ಕಥೆಯೇ ಬೇರೆ. ಹೊಸ ರೋಗಕ್ಕೆ ಊರಿನ, ಪ್ರಾಣಿಯ ಹೆಸರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇಂದು ಹೊಸದಾಗಿ ಕಂಡಿದ್ದರೆ ‘ಕ್ಯಾಸನೂರು ಕಾಡಿನ ಕಾಯಿಲೆ’ಯೂ ‘ಮಂಗನ ಕಾಯಿಲೆ’ಯೂ ಹೆಸರಾಗಿ ನಿಲ್ಲುತ್ತಿರಲಿಲ್ಲ. ಉಣುಗು ಕಚ್ಚಿ ಸಾಯುವ ಮಂಗಕ್ಕೆ ಅಪವಾದ ಬಂದದ್ದು ಅನ್ಯಾಯವೇ ಸರಿ.

ವೈರಸ್ ಪ್ರಭೇದಗಳಿಗೆಲ್ಲ ಎರಡು ಪದಗಳ ಹೆಸರಿಡುವ ಐಸಿಟಿವಿ ನಿಯಮ 2021ರಲ್ಲಿ ಬಂತು. ಇದರದ್ದು 2023ರಲ್ಲಿ ‘ಆರ್ಥೊಫ್ಲೇವಿವೈರಸ್ ಕ್ಯಾಸನೂರೆನ್ಸೆ’ ಆಯಿತು. ಎಡವುವುದು ಇಲ್ಲೇ: ಬದಲಾದದ್ದು ಪ್ರಭೇದದ ಹೆಸರು, ವೈರಸ್‌ನದ್ದಲ್ಲ. ಪ್ರಭೇದವೆಂದರೆ ನಾವು ಮಾಡಿಕೊಂಡ ಗೂಡು; ರಕ್ತದಲ್ಲಿ ಸಿಗುವುದು ವೈರಸ್. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್‌ಖುಮ್ರಾ ವೈರಸ್ ಕೂಡ ಇದೇ ಗೂಡಿನಲ್ಲಿದೆ. ಲ್ಯಾಬ್ ವರದಿಯಲ್ಲಿ ಬರೀ ಪ್ರಭೇದದ ಹೆಸರು ಬರೆದರೆ, ಸಿಕ್ಕಿದ್ದು ಸೊರಬದ ವೈರಸ್ಸೋ ಸೌದಿಯದ್ದೋ ಎಂಬುದು ಓದಿದವರಿಗೆ ತಿಳಿಯುವುದಿಲ್ಲ.