ಎಲ್ ಎಹಿದೊ: ಪ್ಲಾಸ್ಟಿಕ್ ಚಪ್ಪರದ ಕೆಳಗೆ ಬೆಳೆದ ಊರು

ಸ್ಪೇನಿನ ಎಲ್ ಎಹಿದೊ ಸುದ್ದಿಗೆ ಬಂದಾಗಲೆಲ್ಲ ಒಬ್ಬರು ಅಂತರ್ಜಲ ಅನ್ನುತ್ತಾರೆ, ಇನ್ನೊಬ್ಬರು ಕೀಟನಾಶಕ, ಮತ್ತೊಬ್ಬರು ಕೂಲಿಯವರ ಗುಡಿಸಲು. ಬೇರೆ ಬೇರೆ ಜಗಳದಂತೆ ಕಾಣುತ್ತದೆ, ಅಲ್ವಾ? ಆದರೆ ಮೂರೂ ಶುರುವಾಗಿದ್ದು ಒಂದೇ ಕಡೆ, ಪ್ಲಾಸ್ಟಿಕ್ ಚಪ್ಪರದಡಿ ತರಕಾರಿ ಬೆಳೆಯುವ ಇಲ್ಲಿನ ಬೇಸಾಯದಲ್ಲಿ.

ಗಾದೊರ್ ಬೆಟ್ಟಕ್ಕೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವಿನ ಈ ಬಯಲಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ಬಿಸಿಲಿಗೆ ಮಾತ್ರ ಬರವಿಲ್ಲ. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಸರ್ಕಾರವೇ ಬಾವಿ ತೋಡಿಸಿ, ಬಡ ಕುಟುಂಬಗಳಿಗೆ ಇಲ್ಲಿ ತುಂಡು ಜಮೀನು ಕೊಟ್ಟಿತು. ನೀರು ಸ್ವಲ್ಪ ಉಪ್ಪು, ಮಣ್ಣೋ ಕಲ್ಲು. ಅದಕ್ಕೆ ರೈತರು ಬೇರೆಡೆಯಿಂದ ಜೇಡಿಮಣ್ಣು ತಂದು ಹರಡಿ, ಮೇಲೆ ಗೊಬ್ಬರ ಹಾಕಿ, ಅದರ ಮೇಲೆ ಅರ್ಧ ಗೇಣು ಮರಳು ಹೊದಿಸಿದರು. ತೇವ ಆರಲಿಲ್ಲ, ಉಪ್ಪು ಮೇಲೇರಲಿಲ್ಲ. 1960ರ ದಶಕದಲ್ಲಿ ಯಾರೋ ದ್ರಾಕ್ಷಿ ಚಪ್ಪರಕ್ಕೇ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಗಾಳಿ ನಿಂತಿತು, ಚಳಿಗಾಲದಲ್ಲೂ ಬೆಳೆ ಬಂತು. 1982ರಲ್ಲಿ ಎಲ್ ಎಹಿದೊಗೆ ತನ್ನದೇ ನಗರಸಭೆ, 1986ರಲ್ಲಿ ಯುರೋಪಿನ ಮಾರುಕಟ್ಟೆ. ಇವತ್ತು ಈ ಊರಿರುವ ಅಲ್ಮೆರಿಯಾ ಪ್ರಾಂತ್ಯದಲ್ಲಿ ಇಂಥ ಹಸಿರುಮನೆ 30,000 ಹೆಕ್ಟೇರಿಗೂ ಜಾಸ್ತಿ.

ಮನೆಮಂದಿಯ ದುಡಿಮೆ ಸಾಲಲಿಲ್ಲ. ಮೊರಾಕೊದಿಂದ ಗಂಡಸರು ಬಂದರು. ಬೇಸಿಗೆಯಲ್ಲಿ ಚಪ್ಪರದೊಳಗೆ 40 ಡಿಗ್ರಿ ದಾಟುತ್ತದೆ. ಕೆಲಸ ಮುಗಿಸಿ ಅವರು ಮಲಗುತ್ತಿದ್ದದ್ದು ಪಾಳುಬಿದ್ದ ತೋಟದ ಮನೆಗಳಲ್ಲಿ, ಹಳೇ ಪ್ಲಾಸ್ಟಿಕ್ಕು ಹಲಗೆ ಸೇರಿಸಿ ಕಟ್ಟಿಕೊಂಡ ಗುಡಿಸಲುಗಳಲ್ಲಿ, ನೀರು ಕರೆಂಟು ಎರಡೂ ಇಲ್ಲದೆ. 2000ದ ಜನವರಿ, ಫೆಬ್ರವರಿಯಲ್ಲಿ ಎರಡು ವಾರದೊಳಗೆ ಎರಡು ಪ್ರಕರಣಗಳಲ್ಲಿ ಊರಿನ ಮೂವರ ಕೊಲೆಯಾಯಿತು, ಎರಡರಲ್ಲೂ ಸಿಕ್ಕಿಬಿದ್ದವರು ಮೊರಾಕೊದವರು. ಆ ಸಿಟ್ಟು ಎಲ್ಲ ವಲಸಿಗರ ಮೇಲೆ ತಿರುಗಿತು. ಮೂರು ದಿನ ಅಂಗಡಿ, ಮನೆ, ಮಸೀದಿಗಳ ಮೇಲೆ ದಾಳಿ. ಕೂಲಿಯವರು ಕೆಲಸ ನಿಲ್ಲಿಸಿದರು. ಕೊಯ್ಲಿನ ಹೊತ್ತು, ಕಾಯಿ ಗಿಡದಲ್ಲೇ ಉಳಿಯಿತು. ಆಗ ಮಾತುಕತೆ ನಡೆದು ವಸತಿ, ಪರಿಹಾರ, ದೇಶದಲ್ಲಿ ಇರಲು ಬೇಕಾದ ಕಾಗದಪತ್ರ ಎಲ್ಲಕ್ಕೂ ಭರವಸೆ ಸಿಕ್ಕಿತು. ಗುಡಿಸಲುಗಳು ಇವತ್ತಿಗೂ ಇವೆ.

ಇದನ್ನು ಇನ್ನೊಂದು ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. 2006ರ ಕೊನೆಗೆ ಇಲ್ಲಿನ ದೊಣ್ಣೆಮೆಣಸಿನಕಾಯಿಯಲ್ಲಿ ನಿಷೇಧಿತ ಕೀಟನಾಶಕ ಇರುವುದು ಜರ್ಮನಿಯಲ್ಲಿ ಪತ್ತೆಯಾಯಿತು. ಕೊಳ್ಳುವವರು ಹಿಂದೆ ಸರಿದರು. ಒಂದೆರಡು ವರ್ಷದಲ್ಲೇ ಬಹುತೇಕ ಮೆಣಸಿನ ತೋಟಗಳು ಕೀಟ ತಿನ್ನುವ ಮಿತ್ರಕೀಟಗಳಿಗೆ ಬದಲಾದವು. ಗ್ರಾಹಕರು ಪಟ್ಟು ಹಿಡಿದರೆ ಈ ಊರು ಎಷ್ಟು ಬೇಗ ಬದಲಾಗಬಲ್ಲದು ಅಂತ ಆಗ ಗೊತ್ತಾಯಿತು. ಕೂಲಿಯವರ ಸೂರಿನ ವಿಷಯದಲ್ಲಿ ಅಂಥ ಪಟ್ಟು ಯಾರೂ ಹಿಡಿಯಲಿಲ್ಲ.

ನೀರಿನ ಕಥೆ ಇನ್ನೂ ಗೋಜಲು. ಆಳದ ಅಂತರ್ಜಲ ಎಳೆದೂ ಎಳೆದೂ ಸಮುದ್ರದ ಉಪ್ಪು ಒಳಗೆ ಬಂತು. ಅದೇ ಹೊತ್ತಿಗೆ ಇಲ್ಲಿನ ಲಾಸ್ ನೊರಿಯಾಸ್ ಹಳ್ಳಿಯಲ್ಲಿ ತೋಟಗಳಿಗೆಂದು ಜೇಡಿಮಣ್ಣು ಅಗೆದ ಗುಂಡಿಯಲ್ಲಿ ಮೇಲ್ಪದರದ ನೀರು ಉಕ್ಕಿ ದೊಡ್ಡ ಕೆರೆಯೇ ಆಗಿ, ಸುತ್ತಲಿನ ಜಮೀನಿಗೆ ನುಗ್ಗಿತು. ಈಗ ಇಲ್ಲಿನ ಕರಾವಳಿ ಹಳ್ಳಿ ಬಾಲೆರ್ಮಾದಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಇದೆ. ಆದರೆ ಆ ನೀರು ಬಾವಿ ನೀರಿಗಿಂತ ದುಬಾರಿ. ಇಲ್ಲಿನ ತೋಟಗಳು ಹೆಚ್ಚಾಗಿ ಎರಡು ಮೂರು ಹೆಕ್ಟೇರಿನವು, ಕಾಯಿಯ ಬೆಲೆ ರೈತನ ಕೈಯಲ್ಲಿಲ್ಲ. ನೀರು, ಬೀಜ, ಪ್ಲಾಸ್ಟಿಕ್ ಯಾವುದರ ದರವನ್ನೂ ಅವನು ಇಳಿಸಲಾರ. ಖರ್ಚು ತಗ್ಗಿಸಲು ಅವನಿಗೆ ಉಳಿಯುವುದು ಕೂಲಿಯ ಲೆಕ್ಕವೊಂದೇ.