ಕನ್ವರ್ಟರ್ ಹಾಕಿದರೆ ಹಳೆಯ ವಿಡಿಯೊ ಗೇಮ್ ಎಚ್‌ಡಿ ಆಗುತ್ತದೆಯೇ?

ಪ್ರಶ್ನೆ: ಅಟ್ಟದಲ್ಲಿದ್ದ ಹಳೆಯ ವಿಡಿಯೊ ಗೇಮ್ ಇನ್ನೂ ನಡೆಯುತ್ತದೆ. ಆದರೆ 43 ಇಂಚಿನ ಎಲ್‌ಇಡಿ ಟಿವಿಯಲ್ಲಿ ಚಿತ್ರ ಮಸುಕು, ಅಕ್ಷರಗಳ ಅಂಚಿನಲ್ಲಿ ಬಣ್ಣ ಸೋರಿದ ಹಾಗೆ ಕಾಣುತ್ತದೆ. ಯಾವ ಕಂಪನಿಯ ಎಚ್‌ಡಿಎಂಐ ಕನ್ವರ್ಟರ್ ತೆಗೆದುಕೊಳ್ಳಲಿ?

ಉತ್ತರ: ಯಾವುದೂ ಬೇಡ.

ಬೇಸಗೆ ರಜೆಗೆ ಮುಂಬಯಿಯವರು ಊರಿಗೆ ಬರುತ್ತಾರೆ, ಮಳೆಗಾಲದಲ್ಲಿ ದುಬೈಯವರು. ಮಕ್ಕಳಿಗೆ ತೋರಿಸಲೆಂದು ಅಟ್ಟ ಹತ್ತುತ್ತಾರೆ. ಮರುದಿನ ಉಡುಪಿಯ ನನ್ನ ರಿಪೇರಿ ಮೇಜಿನ ಮುಂದೆ ಇದೇ ಪ್ರಶ್ನೆ. ಹೆಚ್ಚಿನವರ ಕೈಯಲ್ಲಿ ಕನ್ವರ್ಟರ್ ಎಂಬ ಕಪ್ಪು ಡಬ್ಬಿ ಆಗಲೇ ಇರುತ್ತದೆ. ನಾನು ತಲೆಯಾಡಿಸಲಿ ಎಂದಷ್ಟೇ ಬಂದಿರುತ್ತಾರೆ.

ಆ ಡಬ್ಬಿಯ ಮೇಲೆ 1080 ಎಂದು ಬರೆದಿರುತ್ತದೆ. ಸುಳ್ಳೇನಲ್ಲ, ಅದರಿಂದ ಹೊರಗೆ ಹೋಗುವುದು 1080 ಗೆರೆಗಳೇ. ಒಳಗೆ ಬರುವುದೆಷ್ಟು? 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಫ್ಯಾಮಿಕಾಮ್ ಮತ್ತು ನಮ್ಮೂರಲ್ಲಿ ಮಾರಾಟವಾದ ಅದರ ನಕಲುಗಳು ಚಿತ್ರ ಬಿಡಿಸುವುದು ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿಗಳಲ್ಲಿ. ಅಷ್ಟೂ ಹಳದಿ ಪಿನ್ನಿನ ಒಂದೇ ತಂತಿಯಲ್ಲಿ, ಬೆಳಕಿನ ಸಂಕೇತದೊಳಗೆ ಬಣ್ಣದ ಸಂಕೇತ ಬೆರೆತು ಬರುತ್ತದೆ. ನಮ್ಮ ಹಳೆಯ ಬಣ್ಣದ ಟಿವಿಗಳ ಪಾಲ್ ಪದ್ಧತಿಯಲ್ಲಿ ಬಣ್ಣ ಕುಳಿತಿರುವುದು 4.43 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಬೆಳಕಿನ ಸೂಕ್ಷ್ಮ ವಿವರಗಳ ಓಡಾಟವೂ ಅಲ್ಲೇ. ಬೇರ್ಪಡಿಸಲು ಕುಳಿತ ಸರ್ಕ್ಯೂಟು ಇದನ್ನು ಅದೆಂದೂ ಅದನ್ನು ಇದೆಂದೂ ತಿಳಿಯುತ್ತದೆ. ಅಂಚಿನಲ್ಲಿ ಚುಕ್ಕಿಗಳು ತೆವಳುತ್ತವೆ, ಕೆಂಪು ಪಕ್ಕದ ಮನೆಗೆ ಹರಿಯುತ್ತದೆ. ಡಿಕಾಕ್ಷನ್‌ಗೆ ಹಾಲು ಬೆರೆಸಿದ ಮೇಲೆ ದೊಡ್ಡ ಲೋಟಕ್ಕೆ ಸುರಿದರೆ ಹಾಲು ಬೇರೆ ಆಗುತ್ತದೆಯೇ? ಆ ಡಬ್ಬಿ ದೊಡ್ಡ ಲೋಟ, ಮಾರಾಯರೇ.

ದೊಡ್ಡ ಲೋಟವಾಗಿದ್ದರೆ ಸುಮ್ಮನಿರಬಹುದಿತ್ತು. ಅದು ಇದ್ದದ್ದನ್ನೂ ಕೆಡಿಸುತ್ತದೆ. ಟಿವಿ ಪ್ರಸಾರದಲ್ಲಿ ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹೀಗೆ ಎರಡು ಅರ್ಧಗಳು ಬರುತ್ತಿದ್ದವು. ಹಳೆಯ ಗೇಮ್ ಹಾಗಲ್ಲ, ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಪೂರ್ತಿ ಹೊಸ ಚಿತ್ರ ಬರೆಯುತ್ತದೆ. ಅಗ್ಗದ ಡಬ್ಬಿಗೆ ಈ ವ್ಯತ್ಯಾಸ ತಿಳಿಯದು. ಎರಡು ಬೇರೆ ಬೇರೆ ಚಿತ್ರಗಳನ್ನು ಒಂದರ ಎರಡು ಅರ್ಧಗಳೆಂದು ಹೆಣೆದುಬಿಡುತ್ತದೆ. ಪರೀಕ್ಷಿಸಬೇಕೇ? ಆಟದಲ್ಲಿ ಬೇಕೆಂದೇ ಒಂದು ಪೆಟ್ಟು ತಿನ್ನಿ. ಆ ಬಳಿಕ ನಿಮ್ಮ ವೀರ ಸ್ವಲ್ಪ ಹೊತ್ತು ಮಿಣುಕಬೇಕು. ಡಬ್ಬಿಯ ಮೂಲಕ ನೋಡಿದರೆ ಅವನು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತಾನೆ, ಇಲ್ಲವೇ ಅಷ್ಟು ಹೊತ್ತೂ ಮಾಯವಾಗಿರುತ್ತಾನೆ. ಇದನ್ನು ತೋರಿಸಿದ ಮೇಲೂ ಒಬ್ಬರು, 'ಇರಬಹುದು, ಆದರೆ ಎಚ್‌ಡಿ ಅಲ್ಲವೇ?' ಎಂದು ಕೇಳಿದರು. ನಾನು ಚಹಾ ತರಿಸಿದೆ.

ಟಿವಿಯ ಹಿಂದೆ ಹಳದಿ ತೂತೇ ಇಲ್ಲವಾದರೆ ಡಬ್ಬಿ ಬೇಕೇ ಬೇಕು, ಒಪ್ಪುತ್ತೇನೆ. ಊರುಗೋಲಿಗೆ ಕಾಲೆಂದು ಹೆಸರಿಡಬೇಡಿ. ಚಿನ್ನದ ಲೇಪದ ಕೇಬಲ್ಲೂ ಇದೇ ಗೋತ್ರ. ಚಿನ್ನ ತುಕ್ಕು ಹಿಡಿಯದು, ಚಿತ್ರವನ್ನು ಚೂಪು ಮಾಡದು.

ತುಕ್ಕು ಎಂದ ಮೇಲೆ, ಮೊದಲು ನೋಡಬೇಕಾದದ್ದು ಅದನ್ನೇ. ಮಲ್ಪೆ, ಪಣಂಬೂರು ಕಡೆಯಿಂದ ಬರುವ ಸೆಟ್ಟುಗಳ ಹಳದಿ ತೂತಿನೊಳಗೆ ಟಾರ್ಚ್ ಹಾಕಿದರೆ ಪಾಚಿಯಂಥ ಹಸಿರು ಕಾಣುತ್ತದೆ. ಕಡಲ ಗಾಳಿಯ ಉಪ್ಪು ಹಾಗೂ ನಾಲ್ಕು ತಿಂಗಳ ಮಳೆ ಸೇರಿ ತಾಮ್ರಕ್ಕೆ ಮಾಡುವ ಕೆಲಸ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ, ಕ್ಯಾಸೆಟ್ಟಿನ ಹಲ್ಲುಗಳನ್ನೂ ಒರೆಸಿ. ಬಾಯಿಂದ ಊದಬೇಡಿ, ಉಗುಳಿನ ತೇವ ಇನ್ನಷ್ಟು ತುಕ್ಕು ಹಿಡಿಸುತ್ತದೆ. ಪರದೆಯ ಮೇಲೆ ಓಡುವ ಪಟ್ಟಿಗಳಿದ್ದರೆ ಅಡಾಪ್ಟರ್ ಬದಲಿಸಿ ನೋಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರದ ಅಳತೆಯನ್ನು ಹಳೆಯ ಟಿವಿಯ 4:3ಕ್ಕೆ ತನ್ನಿ. ಎಳೆದು ಹಿಗ್ಗಿಸಿದ ಚಿತ್ರ ಯಾವಾಗಲೂ ಮಸುಕೇ.

ಅದರಾಚೆಗಿನದು ನಿಮ್ಮಲ್ಲಿರುವುದು ಯಾವ ಯಂತ್ರ ಎಂಬುದರ ಮೇಲೆ ನಿಂತಿದೆ. ಫ್ಯಾಮಿಕಾಮ್ ಜಾತಿಯದ್ದಾದರೆ ಚಿಪ್ಪಿನಿಂದ ಹೊರಡುವುದೇ ಬೆರಕೆ ಸಂಕೇತ, ಕೇಬಲ್ ಬದಲಿಸಿ ಫಲವಿಲ್ಲ. ಸೆಗಾ ಮೆಗಾ ಡ್ರೈವ್ ಮತ್ತು ಮೊದಲ ಪ್ಲೇಸ್ಟೇಷನ್ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತಂತಿಗಳಲ್ಲಿ ಕೊಡಬಲ್ಲವು. ಆ ಕೇಬಲ್ ತರಿಸಿ ಓಎಸ್‌ಎಸ್‌ಸಿ ಅಥವಾ ರೆಟ್ರೊಟಿಂಕ್‌ನಂಥ, ಹಳೆಯ ಗೇಮ್‌ಗಳಿಗೆಂದೇ ಮಾಡಿದ ಸ್ಕೇಲರ್‌ಗೆ (ಚಿತ್ರ ಹಿಗ್ಗಿಸುವ ಯಂತ್ರ) ಜೋಡಿಸಿದರೆ ಚಿತ್ರ ನಿಜಕ್ಕೂ ಗಾಜಿನಂತಾಗುತ್ತದೆ. ಹಲವು ಸಾವಿರ ರೂಪಾಯಿಯ ಬಾಬತ್ತು ಅದು. ಪ್ಲೇಸ್ಟೇಷನ್ 2 ಇದ್ದವರು ಅದೃಷ್ಟವಂತರು: ಟಿವಿಯಲ್ಲಿ ಕಾಂಪೊನೆಂಟ್ ತೂತುಗಳಿದ್ದರೆ (ಚಿತ್ರಕ್ಕೇ ಹಸಿರು, ನೀಲಿ, ಕೆಂಪು ಎಂದು ಮೂರು) ಆ ಕೇಬಲ್ ಸಾಕು. ಯಂತ್ರದ ಸೆಟ್ಟಿಂಗ್‌ನಲ್ಲೂ ಕಾಂಪೊನೆಂಟ್ ಆಯ್ದುಕೊಳ್ಳಬೇಕು, ಇಲ್ಲದಿದ್ದರೆ ಬಣ್ಣ ಕೆಟ್ಟು ಬಂದು ಕೇಬಲ್ಲೇ ಹಾಳೆಂದು ವಾಪಸು ಕೊಡುತ್ತೀರಿ.

ಕೊನೆಗೆ, ನೀವು ಕೇಳದೇ ಇದ್ದದ್ದು. ಗೇಮ್ ಜೊತೆ ಬಂದ, ಪರದೆಯ ಬಾತುಕೋಳಿ ಹೊಡೆಯುವ ಆಟದ ಬಂದೂಕು ಹೊಸ ಟಿವಿಯಲ್ಲಿ ನಡೆಯುವುದಿಲ್ಲ. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ನೋಡುತ್ತದೆ ಅಷ್ಟೇ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಕಪ್ಪಿನಲ್ಲಿ ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಕಪ್ಪಿನಲ್ಲೂ ಬೆಳಕು ಕಂಡರೆ ನೀವು ಬಲ್ಬಿಗೆ ಹಿಡಿದು ಮೋಸ ಮಾಡುತ್ತಿದ್ದೀರಿ ಎಂದರ್ಥ! ಪಾಲ್‌ನಲ್ಲಿ ಒಂದು ಚಿತ್ರದ ಆಯುಷ್ಯ 20 ಮಿಲಿಸೆಕೆಂಡು. ಎಲ್‌ಇಡಿ ಟಿವಿ ಆ ಚೌಕವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಆಟ ಲೆಕ್ಕ ಮುಗಿಸಿರುತ್ತದೆ. ಹಾಗಾಗಿ ಮೂಲೆಯಲ್ಲಿರುವ ಹಳೆಯ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಯನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಹಚ್ಚಿ ನೋಡಿ. ಹೊತ್ತಿಕೊಂಡರೆ ಗೇಮನ್ನು ಅದಕ್ಕೇ ಚುಚ್ಚಿ, ಕಪ್ಪು ಡಬ್ಬಿಯನ್ನು ಅಂಗಡಿಗೆ ಮರಳಿಸಿ.