ಹಿರಿಯರಿಗೆ ಯಾವ ತಳಿಯ ನಾಯಿ ಒಳ್ಳೆಯದು?

ಪ್ರಶ್ನೆ: ಅಪ್ಪನಿಗೆ 72 ವರ್ಷ. ಮನೆಯಲ್ಲಿ ಒಬ್ಬರೇ ಇರುತ್ತಾರೆ. ಜೊತೆಗೊಂದು ನಾಯಿ ತಂದುಕೊಡೋಣ ಅಂತಿದ್ದೇವೆ. ಯಾವ ತಳಿ ತರಬಹುದು?

ಉತ್ತರ: ತಳಿ ಆಮೇಲೆ. ಮೊದಲು ನಾಯಿಯ ವಯಸ್ಸು ನೋಡಿ.

ಎಲ್ಲರಿಗೂ ಮುದ್ದು ಮರಿಯೇ ಬೇಕು. ಆದರೆ ಮರಿ ಬಂತು ಅಂದರೆ ನಡುರಾತ್ರಿ ಎದ್ದು ಹೊರಗೆ ಕರೆದುಕೊಂಡು ಹೋಗಬೇಕು, ಬಗ್ಗಿ ಬಗ್ಗಿ ನೆಲ ಒರೆಸಬೇಕು. ಅದರ ಸೂಜಿಯಂಥ ಹಲ್ಲು ಕೈ ಗೀರದೆ ಬಿಡುವುದಿಲ್ಲ. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಣ್ಣ ಗೀರಿನ ರಕ್ತವೂ ಬೇಗ ನಿಲ್ಲುವುದಿಲ್ಲ. ಚಿಕ್ಕ ತಳಿಗಳು ಸುಮಾರು 12ರಿಂದ 15 ವರ್ಷ ಬದುಕುತ್ತವೆ, ಆ ಲೆಕ್ಕವನ್ನೂ ಹಾಕಬೇಕು ಅಲ್ವಾ? ಹಾಗಾಗಿ ಐದಾರು ವರ್ಷದ, ಕುಣಿದಾಟ ಇಳಿದ, ಮನೆಯೊಳಗೆ ಗಲೀಜು ಮಾಡದ ನಾಯಿಯೇ ವಾಸಿ. ನಾಯಿಗಳ ಆಶ್ರಯತಾಣದಲ್ಲಿ ಕೇಳಿ ನೋಡಿ. ದಿನಾ ಅನ್ನ ಹಾಕುವವರಿಗೆ ಅದರ ಸ್ವಭಾವ ಗೊತ್ತಿರುತ್ತದೆ. ಮಿಶ್ರ ತಳಿಯಾದರೂ ಪರವಾಗಿಲ್ಲ.

ಎರಡನೆಯದು ತೂಕ. ಲ್ಯಾಬ್ರಡಾರ್ ಸಾಧು ನಾಯಿ, ಒಪ್ಪೋಣ. ಆದರೆ 30 ಕೆ.ಜಿ. ತೂಗುತ್ತದೆ. ಬೆಲ್ಟನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ವಾಕಿಂಗ್ ಹೋಗುವುದು ಹಲವರ ಅಭ್ಯಾಸ. ಬೆಕ್ಕು ಕಂಡು ನಾಯಿ ಒಮ್ಮೆ ಜಗ್ಗಿದರೆ ಸಾಕು, ಬಿಡಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಮಣಿಕಟ್ಟು, ಸೊಂಟದ ಮೂಳೆ ಮುರಿಯುವುದು ಹೀಗೇ. ಚಿಕ್ಕ ನಾಯಿಗಳ ತೊಂದರೆ ಬೇರೆ. ಅವು ಕಾಲಿಗೆ ತೊಡರುತ್ತವೆ. ಕೊರಳಿಗೊಂದು ಗೆಜ್ಜೆ ಕಟ್ಟಿಬಿಡಿ, ಎಲ್ಲಿದೆ ಅಂತ ಗೊತ್ತಾಗುತ್ತದೆ.

ಇನ್ನು ತಳಿ. ನನ್ನನ್ನು ಕೇಳಿದರೆ ಶಿಹ್ ತ್ಸು. 4ರಿಂದ 7 ಕೆ.ಜಿ., ಎತ್ತಿಕೊಳ್ಳಬಹುದು, ಸಣ್ಣ ವಾಕಿಂಗ್ ಸಾಕು. ಆದರೆ ಕೂದಲು ಬೆಳೆಯುತ್ತಲೇ ಇರುತ್ತದೆ, ದಿನಾ ಬಾಚದಿದ್ದರೆ ಸಿಕ್ಕುಗಟ್ಟುತ್ತದೆ. ಅಪ್ಪನಿಗೆ ಬೆರಳಿನ ಸಂದು ನೋವಿದ್ದರೆ ಆಗಾಗ ಗಿಡ್ಡವಾಗಿ ಕತ್ತರಿಸಿಬಿಡಿ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತೊಡೆ ಬಿಟ್ಟು ಇಳಿಯದ ನಾಯಿ. ಆದರೆ ಹೃದಯದ ಕವಾಟದ ಕಾಯಿಲೆ ಈ ತಳಿಗೆ ಜಾಸ್ತಿ, ತರುವ ಮುಂಚೆ ವೈದ್ಯರಿಗೆ ತೋರಿಸಿ. ಪಗ್‌ಗೆ ಮೂತಿ ಚಪ್ಪಟೆ, ಸೆಕೆಯಲ್ಲಿ ಉಸಿರಾಟ ಕಷ್ಟ. ಶಿಹ್ ತ್ಸುಗೂ ಆ ತೊಂದರೆ ಇರುತ್ತದೆ, ಬಿಸಿಲಲ್ಲಿ ಓಡಾಡಿಸಬೇಡಿ. ಪಾಮರೇನಿಯನ್ ಬಾಗಿಲ ಸದ್ದಿಗೆಲ್ಲ ಬೊಗಳುತ್ತದೆ. ಕಿವಿ ಮಂದವಾದವರಿಗೆ ಅದೇ ಅನುಕೂಲ ಅನ್ನಿ! ಜಾಕ್ ರಸೆಲ್, ಬೀಗಲ್ ಬೇಡವೇ ಬೇಡ. ಗಾತ್ರ ನೋಡಿ ಮೋಸ ಹೋಗಬೇಡಿ, ಅವುಗಳ ಓಟಕ್ಕೆ ಹರೆಯದವರೇ ಸುಸ್ತಾಗುತ್ತಾರೆ.

ಸುಮ್ನೆ ಉಡುಗೊರೆ ಅಂತ ತಂದು ಕೈಗಿಡಬೇಡಿ. ಅಪ್ಪನನ್ನೇ ಕರೆದುಕೊಂಡು ಹೋಗಿ, ಅವರೇ ಬೆಲ್ಟ್ ಹಿಡಿದು ಹದಿನೈದು ನಿಮಿಷ ನಡೆಸಲಿ. ನಾಯಿ ಎಳೆಯುತ್ತದಾ, ಜೊತೆಗೆ ಹೆಜ್ಜೆ ಹಾಕುತ್ತದಾ ಅಲ್ಲೇ ತಿಳಿಯುತ್ತದೆ. ಅಪ್ಪ ನಾಳೆ ಆಸ್ಪತ್ರೆ ಸೇರಿದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ? ಅದನ್ನೂ ಮನೆಯವರೆಲ್ಲ ಕೂತು ಈಗಲೇ ಮಾತಾಡಿ, ಒಬ್ಬರು ಒಪ್ಪಿಕೊಂಡ ಮೇಲೆಯೇ ನಾಯಿ ತನ್ನಿ.